ಬಿಡುವ ದಿನದ ಲೆಕ್ಕ ಮೊದಲು: ಎನ್‌ಎಫ್‌ಎಲ್ ತಂಡದ ಆಫ್‌ಸೀಸನ್ ನಡೆಸುವುದು ಹೇಗೆ

ಲೀಗ್‌ನ ಫೈನಲ್ ಪಂದ್ಯ ಸೂಪರ್ ಬೌಲ್ ಮುಗಿದ ಮರುದಿನವೇ ನನಗೆ ಇನ್ನೊಂದು ಆಟ ಶುರುವಾಗುತ್ತದೆ. ಅದಕ್ಕೆ ಬೇಕಾಗುವುದು ಒಂದು ಎಕ್ಸೆಲ್ ಶೀಟ್, ಒಂದು ಕ್ಯಾಲೆಂಡರ್ ಮತ್ತು ಸ್ವಲ್ಪ ತಾಳ್ಮೆ. ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ 32 ತಂಡಗಳೂ ಫೆಬ್ರುವರಿಯಿಂದ ಆಗಸ್ಟ್ ಕೊನೆಯವರೆಗೆ ಇದೇ ಕೆಲಸದಲ್ಲಿ ಮುಳುಗಿರುತ್ತವೆ. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರಿಗೆ ಎಷ್ಟು ಕೊಡಬೇಕು ಅನ್ನುವುದೇ ಆ ಏಳು ತಿಂಗಳ ಕಥೆ. ನಿಮ್ಮ ಮೆಚ್ಚಿನ ತಂಡ ಯಾವುದಾದರೂ ಇರಲಿ, ಈ ಸಲ ಅದರ ಜನರಲ್ ಮ್ಯಾನೇಜರ್ ನೀವೇ ಅಂದುಕೊಂಡು ಕಾಗದದ ಮೇಲೆ ನಡೆಸಿ ನೋಡಿ. ಆಟ ನೋಡುವ ಕಣ್ಣೇ ಬದಲಾಗುತ್ತದೆ.

ನಮಗೆ ಐಪಿಎಲ್ ಹರಾಜು ಗೊತ್ತು. ಕೂಗಿದ ಬೆಲೆ ಪರ್ಸ್‌ನಿಂದ ಹೋಯಿತು, ಉಳಿದದ್ದರಲ್ಲಿ ಮುಂದಿನ ಆಟಗಾರ. ಎನ್‌ಎಫ್‌ಎಲ್ ಲೆಕ್ಕ ಹಾಗಿಲ್ಲ. ಇಲ್ಲಿ ಕೈಯಿಂದ ಹೋಗುವ ದುಡ್ಡು ಬೇರೆ, ಸ್ಯಾಲರಿ ಕ್ಯಾಪ್‌ನ (ಒಂದು ತಂಡ ವರ್ಷಕ್ಕೆ ಆಟಗಾರರ ಮೇಲೆ ಖರ್ಚು ಮಾಡಬಹುದಾದ ಮಿತಿ) ಲೆಕ್ಕಕ್ಕೆ ಬೀಳುವ ದುಡ್ಡು ಬೇರೆ. ಇವತ್ತು ಕೊಟ್ಟದ್ದು ಐದು ವರ್ಷ ಕಂತಿನ ಹಾಗೆ ಬೀಳಬಹುದು. ಆಟಗಾರ ತಂಡ ಬಿಟ್ಟು ಹೋದ ಮೇಲೂ ಕಂತು ಉಳಿಯಬಹುದು. ಆದ್ದರಿಂದ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ಯಾರಿಗೇ ಸಹಿ ಹಾಕಿಸುವ ಮೊದಲು, ಅವನನ್ನು ಬಿಡುವ ದಿನ ಯಾವುದು, ಅವತ್ತು ಎಷ್ಟು ಬೀಳುತ್ತದೆ ಅಂತ ಬರೆದಿಡಬೇಕು. ಕೆಳಗಿನ ಎಲ್ಲ ಹೆಜ್ಜೆಗಳಿಗೂ ಇದೇ ಬುನಾದಿ.

ಹೆಜ್ಜೆ 1: ನಿಮ್ಮ ನಿಜವಾದ ಮಿತಿ ಎಷ್ಟು ನೋಡಿ

ಲೀಗ್‌ಗೆ ಬರುವ ಆದಾಯದಲ್ಲಿ ಆಟಗಾರರ ಪಾಲು ಶೇ 48ರ ಆಸುಪಾಸು. ಅದರಿಂದಲೇ ಪ್ರತಿ ವರ್ಷದ ಕ್ಯಾಪ್ ಲೆಕ್ಕ ಹುಟ್ಟುತ್ತದೆ. ಸಾಮಾನ್ಯವಾಗಿ ಫೆಬ್ರುವರಿ ಕೊನೆಗೆ ಅಂಕಿ ಹೊರಬೀಳುತ್ತದೆ. 1994ರಲ್ಲಿ ಕ್ಯಾಪ್ ಮೊದಲ ಸಲ ಬಂದಾಗ ಅದು 3.46 ಕೋಟಿ ಡಾಲರ್. 2024ರಲ್ಲಿ 25.54 ಕೋಟಿ, 2025ರಲ್ಲಿ 27.92 ಕೋಟಿ. ಏರುತ್ತಲೇ ಇರುತ್ತದೆ ಅಂತ ಕಣ್ಣು ಮುಚ್ಚಿ ನಂಬಬೇಡಿ. ಕೋವಿಡ್‌ನಿಂದ ಕ್ರೀಡಾಂಗಣಗಳು ಖಾಲಿ ಹೊಡೆದಾಗ 2020ರ 19.82 ಕೋಟಿಯಿಂದ 2021ರಲ್ಲಿ 18.25 ಕೋಟಿಗೆ ಇಳಿಯಿತು. ಮುಂದಿನ ವರ್ಷ ಕ್ಯಾಪ್ ಏರುತ್ತದೆ ಅಂತ ಕಂತುಗಳನ್ನು ಮುಂದೂಡಿದ್ದ ತಂಡಗಳು ಆ ವರ್ಷ ಒಳ್ಳೆಯ ಆಟಗಾರರನ್ನು ಸುಮ್ನೆ ಬಿಟ್ಟುಕೊಡಬೇಕಾಯಿತು.

ಈ ಅಂಕಿಗೆ ನಿಮ್ಮ ತಂಡ ಕಳೆದ ವರ್ಷ ಬಳಸದೆ ಉಳಿಸಿದ ಮೊತ್ತ ಸೇರಿಸಿ. ಉಳಿದದ್ದು ಮುಂದಿನ ವರ್ಷಕ್ಕೆ ಬರುತ್ತದೆ, ವ್ಯರ್ಥವಾಗುವುದಿಲ್ಲ. ಆಮೇಲೆ ಈಗಾಗಲೇ ಬಿಟ್ಟು ಹೋದವರ ಹೆಸರಿನಲ್ಲಿ ಉಳಿದಿರುವ ಕಂತು, ಅಂದರೆ ಡೆಡ್ ಮನಿ, ಕಳೆಯಿರಿ. ಓವರ್ ದಿ ಕ್ಯಾಪ್, ಸ್ಪಾಟ್ರ್ಯಾಕ್ ತಾಣಗಳಲ್ಲಿ ಎಲ್ಲ ತಂಡಗಳ ಅಂಕಿಗಳೂ ಸಿಗುತ್ತವೆ.

ಇನ್ನೊಂದು ಮಾತು. ಆಫ್‌ಸೀಸನ್‌ನಲ್ಲಿ ತಂಡದಲ್ಲಿ 90 ಜನರವರೆಗೆ ಇರಬಹುದು. ಆದರೆ ದೊಡ್ಡ ಮೊತ್ತದ ಮೊದಲ 51 ಜನರ ಅಂಕಿಯಷ್ಟೇ ಪೂರ್ತಿಯಾಗಿ ಲೆಕ್ಕಕ್ಕೆ ಬರುತ್ತದೆ. ಉಳಿದವರದ್ದು ಬೋನಸ್ ಕಂತು ಮಾತ್ರ. ಹೀಗಾಗಿ 50 ಲಕ್ಷ ಡಾಲರ್ ಅಂಕಿಯ ಹೊಸಬ ಒಳಗೆ ಬಂದರೆ 51ನೆಯವನು ಪಟ್ಟಿಯಿಂದ ಹೊರಗೆ ಜಾರುತ್ತಾನೆ. ಅವನದು 10 ಲಕ್ಷ ಇದ್ದರೆ ನಿಮಗೆ ನಿಜವಾಗಿ ಬಿದ್ದದ್ದು 40 ಲಕ್ಷ. ಈ ಲೆಕ್ಕಕ್ಕೆ ಹೊಸಬರಾದ ಅಭಿಮಾನಿಗಳು ಕಳೆಯುವುದನ್ನು ಮರೆತು, ತಂಡಕ್ಕೆ ಕ್ಯಾಪ್‌ನಲ್ಲಿ ಜಾಗವೇ ಇಲ್ಲ ಅಂತ ಗಾಬರಿಯಾಗುತ್ತಾರೆ.

ಹೆಜ್ಜೆ 2: ಒಂದು ಒಪ್ಪಂದವನ್ನು ಬಿಡಿಸಿ ಓದಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಇದೊಂದು ಅರ್ಥವಾದರೆ ಮಿಕ್ಕದ್ದೆಲ್ಲ ಸಲೀಸು.

ಒಬ್ಬ ಕಾರ್ನರ್‌ಬ್ಯಾಕ್ (ಎದುರಾಳಿಗೆ ಪಾಸ್ ಸಿಗದಂತೆ ತಡೆಯುವ ಆಟಗಾರ) ಇದ್ದಾನೆ ಅಂದುಕೊಳ್ಳಿ. ನಾಲ್ಕು ವರ್ಷಕ್ಕೆ 4.8 ಕೋಟಿ ಡಾಲರ್. ಅದರಲ್ಲಿ 2 ಕೋಟಿ ಸೈನಿಂಗ್ ಬೋನಸ್, ಅಂದರೆ ಸಹಿ ಹಾಕಿದ್ದಕ್ಕೆ ಕೊಡುವ ಮೊತ್ತ. ಸಂಬಳ ಮೊದಲ ವರ್ಷ 20 ಲಕ್ಷ, ಎರಡನೇ ವರ್ಷ 60 ಲಕ್ಷ, ಮೂರು ಮತ್ತು ನಾಲ್ಕನೇ ವರ್ಷ ತಲಾ 1 ಕೋಟಿ. ಬೋನಸ್ ಅವನ ಕೈಗೆ ಬೇಗನೆ ಸೇರುತ್ತದೆ. ಕ್ಯಾಪ್‌ನಲ್ಲಿ ಮಾತ್ರ ಅದು ವರ್ಷಕ್ಕೆ 50 ಲಕ್ಷದಂತೆ ಹಂಚಿಹೋಗುತ್ತದೆ. ಹೀಗೆ ಹಂಚಲು ಐದು ವರ್ಷವೇ ಗರಿಷ್ಠ ಮಿತಿ. ಈಗ ಅವನ ಕ್ಯಾಪ್ ಅಂಕಿಗಳು: 70 ಲಕ್ಷ, 1.1 ಕೋಟಿ, 1.5 ಕೋಟಿ, 1.5 ಕೋಟಿ.

ಶೀಟ್‌ನಲ್ಲಿ ಇದರ ಪಕ್ಕಕ್ಕೇ ಇನ್ನೊಂದು ಕಾಲಂ ಹಾಕಿ: ಈ ವರ್ಷ ಬಿಟ್ಟರೆ ಎಷ್ಟು ಬೀಳುತ್ತದೆ? ಆಟಗಾರನನ್ನು ಬಿಟ್ಟ ಕೂಡಲೇ ಮುಂದಿನ ವರ್ಷಗಳ ಕಂತೆಲ್ಲ ಒಟ್ಟಿಗೆ ತಲೆಯ ಮೇಲೆ ಬೀಳುತ್ತದೆ. ಒಂದೇ ವರ್ಷ ಆಡಿಸಿ ಎರಡನೇ ವರ್ಷದ ಮೊದಲು ಬಿಟ್ಟರೆ ಉಳಿದ ಮೂರು ಕಂತು, 1.5 ಕೋಟಿ. ಇಟ್ಟುಕೊಂಡಿದ್ದರೆ 1.1 ಕೋಟಿ ಸಾಕಿತ್ತು. ಬಿಟ್ಟು 40 ಲಕ್ಷ ಜಾಸ್ತಿ ತೆತ್ತ ಹಾಗಾಯಿತು. ಎರಡು ವರ್ಷದ ನಂತರ ಬಿಟ್ಟರೆ 1 ಕೋಟಿ ಬೀಳುತ್ತದೆ, 50 ಲಕ್ಷ ಉಳಿಯುತ್ತದೆ. ಮೂರು ವರ್ಷದ ನಂತರವಾದರೆ ಬೀಳುವುದು 50 ಲಕ್ಷ, ಉಳಿಯುವುದು 1 ಕೋಟಿ. ಇವನ ಸಂಬಳದಲ್ಲಿ ಖಾತ್ರಿ ಮೊತ್ತ (ಬಿಟ್ಟರೂ ಕೊಡಲೇಬೇಕಾದದ್ದು) ಏನಾದರೂ ಇದ್ದರೆ ಅದನ್ನೂ ಬೀಳುವ ಕಡೆಗೇ ಸೇರಿಸಿ. ಪತ್ರಿಕೆಗಳು ಬರೆಯುವ ‘ನಾಲ್ಕು ವರ್ಷದ ಒಪ್ಪಂದ’ ನಿಜದಲ್ಲಿ ಎರಡು ವರ್ಷದ್ದು. ಮೂರನೇ ವರ್ಷದ ಮಾರ್ಚ್‌ನಲ್ಲಿ ತಂಡ ಮತ್ತೆ ಯೋಚಿಸುತ್ತದೆ. ಆ ದಿನಾಂಕವನ್ನು ಕೆಂಪು ಬಣ್ಣದಲ್ಲಿ ಬರೆಯಿರಿ.

ಜೂನ್ 1ರ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆ ದಿನ ದಾಟಿದ ಮೇಲೆ ಬಿಟ್ಟರೆ ಈ ವರ್ಷದ ಕಂತು ಮಾತ್ರ ಈ ವರ್ಷಕ್ಕೆ, ಉಳಿದದ್ದು ಮುಂದಿನ ವರ್ಷಕ್ಕೆ. ಮಾರ್ಚ್‌ನಲ್ಲೇ ಬಿಟ್ಟು, ಜೂನ್ 1ರ ನಂತರ ಬಿಟ್ಟಂತೆ ಲೆಕ್ಕ ಹಿಡಿಯಿರಿ ಅಂತ ಕೇಳುವ ಅವಕಾಶ ಒಂದು ತಂಡಕ್ಕೆ ವರ್ಷಕ್ಕೆ ಇಬ್ಬರು ಆಟಗಾರರಿಗೆ ಇದೆ. ಆದರೆ ಉಳಿತಾಯದ ಜಾಗ ಕೈಗೆ ಬರುವುದು ಜೂನ್‌ನಲ್ಲೇ. ಅಲ್ಲಿಯವರೆಗೆ ಅವನ ಪೂರ್ತಿ ಅಂಕಿ ಪುಸ್ತಕದಲ್ಲೇ ಕೂತಿರುತ್ತದೆ. ಮಾರ್ಚ್‌ನಲ್ಲಿ ಯಾರನ್ನಾದರೂ ಕೊಳ್ಳಲು ಈ ದಾರಿ ಹಿಡಿದರೆ ಪ್ರಯೋಜನವಿಲ್ಲ. ಹೊಸ ಹುಡುಗರ ಸಂಬಳಕ್ಕೆ, ಸೀಸನ್‌ನ ಖರ್ಚಿಗೆ ಅದು ಸರಿ.

ಈ ಲೆಕ್ಕ ಎಷ್ಟು ಭಾರವಾಗಬಹುದು ಅನ್ನುವುದಕ್ಕೆ ಡೆನ್ವರ್ ಬ್ರಾಂಕೋಸ್ ಸಾಕ್ಷಿ. 2022ರಲ್ಲಿ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ದಾಳಿ ನಡೆಸುವ ಆಟಗಾರ) ರಸೆಲ್ ವಿಲ್ಸನ್‌ನನ್ನು ಸಿಯಾಟಲ್‌ನಿಂದ ತಂದರು. ಡೆನ್ವರ್ ಪರ ಒಂದೂ ಪಂದ್ಯ ಆಡುವ ಮೊದಲೇ ಐದು ವರ್ಷದ, 24.5 ಕೋಟಿ ಡಾಲರ್‌ನ ವಿಸ್ತರಣೆ ಕೊಟ್ಟರು. ಎರಡೇ ಸೀಸನ್. 2024ರ ಮಾರ್ಚ್‌ನಲ್ಲಿ ಬಿಟ್ಟರು. ಕ್ಯಾಪ್‌ನಲ್ಲಿ ಬಿದ್ದದ್ದು 8.5 ಕೋಟಿ ಡಾಲರ್! ಜೂನ್ 1ರ ನಿಯಮ ಬಳಸಿ 2024ಕ್ಕೆ 5.3 ಕೋಟಿ, 2025ಕ್ಕೆ 3.2 ಕೋಟಿ ಅಂತ ಒಡೆದರು. ಮಾರ್ಚ್‌ನಲ್ಲೇ ಯಾಕೆ ಬಿಟ್ಟರು ಗೊತ್ತಾ? ಹೊಸ ಲೀಗ್ ವರ್ಷದ ಐದನೇ ದಿನವೂ ಅವನು ತಂಡದಲ್ಲಿದ್ದರೆ 2025ರ 3.7 ಕೋಟಿ ಸಂಬಳವೂ ಖಾತ್ರಿಯಾಗಿಬಿಡುತ್ತಿತ್ತು. ಒಪ್ಪಂದದೊಳಗಿನ ಇಂಥ ದಿನಾಂಕಗಳೇ ಮಾರ್ಚ್‌ನ ಸುದ್ದಿಗಳನ್ನು ಹುಟ್ಟಿಸುತ್ತವೆ. ವಿಲ್ಸನ್ ಆಮೇಲೆ ಪಿಟ್ಸ್‌ಬರ್ಗ್‌ಗೆ ಕನಿಷ್ಠ ಸಂಬಳ 12.1 ಲಕ್ಷಕ್ಕೆ ಸಹಿ ಹಾಕಿದ. ಖಾತ್ರಿಯಿದ್ದ ಉಳಿದ ಸಂಬಳ ಡೆನ್ವರ್ ತಲೆಗೇ.

ಆದರೂ ಆ ವರ್ಷ ಡೆನ್ವರ್ 10 ಗೆಲುವು, 7 ಸೋಲಿನೊಂದಿಗೆ ಪ್ಲೇಆಫ್ ತಲುಪಿತು. ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುವ ಕ್ರಮ) 12ನೇ ಆಯ್ಕೆಯಲ್ಲಿ ತಂದ ಬೋ ನಿಕ್ಸ್ ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿ ಕಡಿಮೆ ಸಂಬಳಕ್ಕೆ ಆಡಿದ. ತಪ್ಪು ಗೊತ್ತಾದ ಮೇಲೆ ನೋವನ್ನು ಎರಡು ವರ್ಷದಲ್ಲಿ ನುಂಗಿ ಮುಗಿಸುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಹೆಜ್ಜೆ 3: ಮನೆಯವರನ್ನು ಮೊದಲು ನೋಡಿಕೊಳ್ಳಿ

ಹೊರಗಿನವರ ಮೇಲೆ ಕಣ್ಣು ಹಾಕುವ ಮೊದಲು ನಿಮ್ಮಲ್ಲೇ ಒಪ್ಪಂದ ಮುಗಿದವರ ಪಟ್ಟಿ ಮಾಡಿ. ನಾಲ್ಕು ಅಥವಾ ಜಾಸ್ತಿ ಸೀಸನ್ ಲೆಕ್ಕಕ್ಕೆ ಸಿಕ್ಕವನು ಪೂರ್ತಿ ಸ್ವತಂತ್ರ. ಮೂರು ಸೀಸನ್ ಆದವನಿಗೆ ನೀವು ಒಂದು ವರ್ಷದ ಟೆಂಡರ್, ಅಂದರೆ ಒಪ್ಪಂದದ ಪ್ರಸ್ತಾವ ಕೊಟ್ಟರೆ, ಬೇರೆ ತಂಡ ಕರೆದರೂ ಆ ತಂಡ ಹೇಳಿದ ಮೊತ್ತವನ್ನೇ ಕೊಟ್ಟು ಉಳಿಸಿಕೊಳ್ಳುವ ಹಕ್ಕು ನಿಮಗಿರುತ್ತದೆ. ಅದಕ್ಕಿಂತ ಕಡಿಮೆ ಆದವನು ಟೆಂಡರ್ ಸಿಕ್ಕರೆ ಬೇರೆ ಕಡೆ ಮಾತಾಡುವಂತಿಲ್ಲ.

ತೀರಾ ಬೇಕಾದವನು ಒಬ್ಬನಿದ್ದಾನೆ, ಮಾತುಕತೆ ಮುಗಿದಿಲ್ಲ ಅಂದರೆ ಫ್ರಾಂಚೈಸ್ ಟ್ಯಾಗ್ ಇದೆ. ಫೆಬ್ರುವರಿ ಕೊನೆಯಿಂದ ಮಾರ್ಚ್ ಮೊದಲ ವಾರದವರೆಗೆ ಅದರ ಕಿಟಕಿ ತೆರೆದಿರುತ್ತದೆ. ಒಂದು ವರ್ಷದ ಒಪ್ಪಂದ, ಮೈದಾನದಲ್ಲಿ ಅವನು ಆಡುವ ಜಾಗದ ಅತಿ ದೊಡ್ಡ ಸಂಬಳಗಳ ಮಟ್ಟದ ಮೊತ್ತ. ಸಹಿ ಹಾಕಿದರೆ ಪೂರ್ತಿ ಖಾತ್ರಿ. ಟ್ಯಾಗ್ ಹಾಕಿದ ಕ್ಷಣದಿಂದಲೇ ಅದು ಕ್ಯಾಪ್‌ನಲ್ಲಿ ಕೂರುತ್ತದೆ, ಕಂತು ಮಾಡಿ ಹರಡಲು ಬರುವುದಿಲ್ಲ. ದೀರ್ಘ ಒಪ್ಪಂದಕ್ಕೆ ಜುಲೈ ಮಧ್ಯದವರೆಗೆ ಸಮಯ.

ಟ್ಯಾಗ್ ಅನ್ನು ಮಾತುಕತೆಗೆ ಸಿಗುವ ನಾಲ್ಕು ತಿಂಗಳ ಸಮಯ ಅಂತ ನೋಡಿ. ನಿರ್ಧಾರ ಮುಂದೂಡುವ ಉಪಾಯ ಮಾಡಿಕೊಂಡರೆ ಕಷ್ಟ. ವಾಷಿಂಗ್ಟನ್ ತಂಡ ಕರ್ಕ್ ಕಸಿನ್ಸ್‌ಗೆ 2016ರಲ್ಲಿ ಟ್ಯಾಗ್ ಹಾಕಿತು, ಸುಮಾರು 2 ಕೋಟಿ. 2017ರಲ್ಲಿ ಮತ್ತೆ ಹಾಕಿತು. ಎರಡನೇ ಸಲ ಶೇ 20 ಏರಬೇಕು ಅನ್ನುವ ನಿಯಮದಿಂದ 2.39 ಕೋಟಿ ಆಯಿತು. 2018ರಲ್ಲಿ ಅವನು ಸ್ವತಂತ್ರನಾಗಿ ಮಿನೆಸೋಟಾಗೆ ಹೋದ. ಮೂರು ವರ್ಷಕ್ಕೆ 8.4 ಕೋಟಿ, ಅಷ್ಟೂ ಖಾತ್ರಿ. ಮೊದಲೇ ಹೌದು ಅಥವಾ ಇಲ್ಲ ಅಂದಿದ್ದರೆ ಚೆನ್ನಾಗಿತ್ತು ಅಲ್ವಾ?

ಹೆಜ್ಜೆ 4: ಜಾಗ ಮಾಡಿಕೊಳ್ಳಿ, ಆದರೆ ಯಾರ ಹೆಸರಿನಲ್ಲಿ ಅನ್ನುವುದು ಮುಖ್ಯ

ಮಾರ್ಚ್ ಮಧ್ಯದ ಒಂದು ಬುಧವಾರ ನ್ಯೂಯಾರ್ಕ್ ಸಮಯ ಸಂಜೆ 4ಕ್ಕೆ ಹೊಸ ಲೀಗ್ ವರ್ಷ ಶುರು. ಬೆಂಗಳೂರಿನಲ್ಲಿ ಆಗ ಗುರುವಾರ ಬೆಳಗಿನ ಜಾವ 1.30. ಆ ಹೊತ್ತಿಗೆ ಎಲ್ಲ ತಂಡಗಳೂ ಕ್ಯಾಪ್ ಒಳಗೆ ಇರಲೇಬೇಕು. ದಂಡ ಕಟ್ಟಿ ಆಚೆ ಇರುವ ದಾರಿ ಇಲ್ಲ.

ಜಾಗ ಮಾಡುವ ದಾರಿ ಮೂರು: ಬಿಡುವುದು, ಬೇರೆ ತಂಡಕ್ಕೆ ಕೊಡುವುದು, ಒಪ್ಪಂದವನ್ನು ರೀಸ್ಟ್ರಕ್ಚರ್ ಮಾಡುವುದು. ಮೂರನೆಯದರಲ್ಲಿ ಆಟಗಾರನಿಗೆ ಒಂದು ಡಾಲರೂ ಕಡಿಮೆಯಾಗುವುದಿಲ್ಲ. ಸಂಬಳವನ್ನೇ ಬೋನಸ್ ಅಂತ ಹೆಸರು ಬದಲಿಸಿ ಮುಂಚೆಯೇ ಕೊಡುತ್ತಾರೆ. ಅದಕ್ಕೇ ಆಟಗಾರರು ಖುಷಿಯಿಂದ ಒಪ್ಪುತ್ತಾರೆ.

ನಮ್ಮ ಕಾರ್ನರ್‌ಬ್ಯಾಕ್ ಹತ್ತಿರ ವಾಪಸ್ ಹೋಗೋಣ. ಮೂರನೇ ವರ್ಷದ ಸಂಬಳ 1 ಕೋಟಿ. 20 ಲಕ್ಷ ಸಂಬಳವಾಗಿಯೇ ಬಿಟ್ಟು 80 ಲಕ್ಷವನ್ನು ಬೋನಸ್ ಮಾಡಿದರೆ ಅದು ಎರಡು ವರ್ಷಕ್ಕೆ ತಲಾ 40 ಲಕ್ಷ. ಈ ವರ್ಷದ ಅಂಕಿ 1.5 ಕೋಟಿಯಿಂದ 1.1 ಕೋಟಿಗೆ ಇಳಿಯಿತು. ಮುಂದಿನ ವರ್ಷದ್ದು 1.9 ಕೋಟಿಗೆ ಏರಿತು. ಇನ್ನೂ ಜಾಗ ಬೇಕು ಅಂದರೆ ಕೊನೆಯಲ್ಲಿ ಮೂರು ವಾಯ್ಡ್ ವರ್ಷ ಸೇರಿಸುತ್ತಾರೆ. ಅವು ಕಾಗದದ ಮೇಲಷ್ಟೇ ಇರುವ ವರ್ಷಗಳು, ಅವನು ಆಡುವುದಿಲ್ಲ. 80 ಲಕ್ಷ ಐದು ಕಡೆ ಒಡೆದು ವರ್ಷಕ್ಕೆ 16 ಲಕ್ಷ ಆಗುತ್ತದೆ. ಈ ವರ್ಷ 86 ಲಕ್ಷ, ಮುಂದಿನ ವರ್ಷ 1.66 ಕೋಟಿ. ಅದರ ಮುಂದಿನ ವರ್ಷ ಅವನು ಹೋಗಿರುತ್ತಾನೆ, ನಿಮ್ಮ ಪುಸ್ತಕದಲ್ಲಿ ಮಾತ್ರ 48 ಲಕ್ಷ ಬಿದ್ದಿರುತ್ತದೆ. ಮಾರಿದ ಗಾಡಿಗೆ ಕಂತು ಕಟ್ಟಿದ ಹಾಗೆ.

ಇದು ಯಾವಾಗ ಸರಿ? 25–27 ವಯಸ್ಸಿನವನು, ಹೇಗೂ ಇನ್ನೂ ಮೂರು ನಾಲ್ಕು ವರ್ಷ ನಿಮ್ಮಲ್ಲೇ ಇರುವವನು ಅಂದರೆ ಧೈರ್ಯವಾಗಿ ಮಾಡಿ. ಕ್ಯಾನ್ಸಸ್ ಸಿಟಿ 2020ರಲ್ಲಿ ಪ್ಯಾಟ್ರಿಕ್ ಮಹೋಮ್ಸ್‌ಗೆ ಹತ್ತು ವರ್ಷದ, 45 ಕೋಟಿ ಡಾಲರ್‌ನ ವಿಸ್ತರಣೆ ಕೊಟ್ಟದ್ದು ಇದೇ ಧೈರ್ಯದಿಂದ. ಒಪ್ಪಂದ ಉದ್ದವಾಗಿದ್ದರಿಂದ ಬೇಕಾದಾಗೆಲ್ಲ ಅದರಿಂದ ಜಾಗ ತೆಗೆಯಲು ಸಾಧ್ಯವಾಯಿತು. 33 ದಾಟಿದ, ಮೊಣಕಾಲು ನೋವಿನ ಆಟಗಾರನ ಒಪ್ಪಂದ ಹಿಗ್ಗಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಈ ವರ್ಷದ ಒಂದು ಜಾಗಕ್ಕಾಗಿ, ಇನ್ನೆರಡು ವರ್ಷ ಕಳೆದ ಮೇಲೆ ಬರಬೇಕಾದ ಹುಡುಗನೊಬ್ಬನ ಜಾಗ ಮಾರಿದ ಹಾಗೆ ಅದು.

ಆಟಗಾರನನ್ನು ಬೇರೆ ತಂಡಕ್ಕೆ ಕೊಟ್ಟರೂ ಬೋನಸ್ ಕಂತು ನಿಮ್ಮಲ್ಲೇ ಉಳಿಯುತ್ತದೆ. 2022ರ ಮಾರ್ಚ್‌ನಲ್ಲಿ ಕ್ಯಾನ್ಸಸ್ ಸಿಟಿ ಪಾಸ್ ಹಿಡಿಯುವ ತನ್ನ ಅತಿ ವೇಗದ ರಿಸೀವರ್ ಟೈರೀಕ್ ಹಿಲ್‌ನನ್ನು ಮಯಾಮಿಗೆ ಕೊಟ್ಟು ಐದು ಡ್ರಾಫ್ಟ್ ಆಯ್ಕೆ ಪಡೆಯಿತು. ಅಭಿಮಾನಿಗಳಿಗೆ ಹೊಟ್ಟೆ ಉರಿಯಿತು. ಆದರೆ ಆ ಆಯ್ಕೆಗಳಿಂದ, ಉಳಿದ ಜಾಗದಿಂದ ಕಡಿಮೆ ಸಂಬಳದ ಹುಡುಗರು ಬಂದರು. ಮುಂದಿನ ಎರಡೂ ಸೂಪರ್ ಬೌಲ್ ಅದೇ ತಂಡ ಗೆದ್ದಿತು.

ಹೆಜ್ಜೆ 5: ಮಾರುಕಟ್ಟೆಗೆ ಇಳಿಯುವುದು

ಲೀಗ್ ವರ್ಷಕ್ಕೆ ಎರಡು ದಿನ ಮೊದಲು, ಸೋಮವಾರ ಮಧ್ಯಾಹ್ನ ಏಜೆಂಟರ ಜೊತೆ ಮಾತುಕತೆಗೆ ಅನುಮತಿ ಸಿಗುತ್ತದೆ. ನಮ್ಮಲ್ಲಿ ರಾತ್ರಿ 9.30. ದೊಡ್ಡ ಹೆಸರುಗಳೆಲ್ಲ ಮೊದಲ ಕೆಲವು ಗಂಟೆಯಲ್ಲೇ ಹೋಗುತ್ತವೆ, ಬೆಲೆಯೂ ಆಗಲೇ ಅತಿ ಜಾಸ್ತಿ. ಎರಡನೇ ವಾರದವರೆಗೆ ಕಾದರೆ ಒಂದು ವರ್ಷದ ಒಪ್ಪಂದಕ್ಕೆ ಒಳ್ಳೆಯವರು ಸಿಗುತ್ತಾರೆ. ಅನುಭವಿಗಳಿಗೆ ಕನಿಷ್ಠ ಸಂಬಳದ ಒಂದು ವರ್ಷದ ಒಪ್ಪಂದ ಕೊಟ್ಟರೆ ಇನ್ನೊಂದು ಅನುಕೂಲವಿದೆ. ಹತ್ತು ವರ್ಷ ಆಡಿದವನಾದರೂ ಕ್ಯಾಪ್‌ನಲ್ಲಿ ಎರಡು ವರ್ಷದ ಅನುಭವಿಯ ಕನಿಷ್ಠ ಮೊತ್ತವಷ್ಟೇ ಬೀಳುತ್ತದೆ.

ಯಾವ ಜಾಗಕ್ಕೆ ದುಡ್ಡು? ಕ್ವಾರ್ಟರ್‌ಬ್ಯಾಕ್, ಅವನನ್ನು ಕಾಯುವ ಟ್ಯಾಕಲ್, ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ಎಡ್ಜ್ ಆಟಗಾರ, ಕಾರ್ನರ್‌ಬ್ಯಾಕ್. ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗೆ ದುಡ್ಡು ಸುರಿಯಬೇಡಿ ಅನ್ನುವುದು ಹಳೆಯ ಮಾತು. ಆದರೆ 2024ರಲ್ಲಿ ಫಿಲಡೆಲ್ಫಿಯಾ ಸೇಕ್ವಾನ್ ಬಾರ್ಕ್ಲಿಗೆ ಮೂರು ವರ್ಷಕ್ಕೆ 3.775 ಕೋಟಿ ಕೊಟ್ಟಿತು. ಅವನು ಆ ಸೀಸನ್‌ನಲ್ಲಿ 2,005 ಗಜ ಓಡಿದ, ತಂಡ ಸೂಪರ್ ಬೌಲ್ ಗೆದ್ದಿತು. ಅಲ್ಲಿ ಅವನ ಮುಂದೆ ದಾರಿ ಮಾಡಿಕೊಡುವ ಬಲವಾದ ಲೈನ್ ಮೊದಲೇ ಇತ್ತು ಅನ್ನುವುದನ್ನು ಮರೆಯಬೇಡಿ. ಗೋಡೆ ಎದ್ದ ಮೇಲೆ ಬಣ್ಣ ಬಳಿದರು.

ಕೊಳ್ಳುವಾಗ ಕಳೆದುಕೊಂಡವರ ಲೆಕ್ಕವೂ ಇರಲಿ. ಒಪ್ಪಂದ ಮುಗಿದು ಹೋದ ನಿಮ್ಮವರ ಬೆಲೆ, ನೀವು ತಂದವರ ಬೆಲೆಗಿಂತ ಜಾಸ್ತಿಯಾದರೆ ಮುಂದಿನ ವರ್ಷದ ಡ್ರಾಫ್ಟ್‌ನಲ್ಲಿ ಪರಿಹಾರದ ಆಯ್ಕೆ ಸಿಗುತ್ತದೆ. ಮೂರರಿಂದ ಏಳನೇ ಸುತ್ತಿನವರೆಗೆ, ಒಂದು ತಂಡಕ್ಕೆ ಗರಿಷ್ಠ ನಾಲ್ಕು. ಬೇರೆ ತಂಡ ಬಿಟ್ಟವನನ್ನು ತಂದರೆ ಈ ಲೆಕ್ಕಕ್ಕೆ ಪೆಟ್ಟಿಲ್ಲ. ಡ್ರಾಫ್ಟ್ ಮುಗಿದ ನಂತರದ ಸೋಮವಾರ ದಾಟಿದ ಮೇಲೆ ಯಾರನ್ನು ತಂದರೂ ಪೆಟ್ಟಿಲ್ಲ. ಅದಕ್ಕೇ ಪ್ರತಿ ಮೇ ತಿಂಗಳಲ್ಲಿ ಅನುಭವಿಗಳ ಸಹಿ ಒಮ್ಮೆಲೇ ಜಾಸ್ತಿಯಾಗುವುದು.

ಹೆಜ್ಜೆ 6: ಡ್ರಾಫ್ಟ್ ಮತ್ತು ಅಗ್ಗದ ವರ್ಷಗಳು

ಏಪ್ರಿಲ್ ಕೊನೆಯಲ್ಲಿ ಏಳು ಸುತ್ತು. ಹೊಸ ಹುಡುಗರ ಸಂಬಳ ಆಯ್ಕೆಯ ಕ್ರಮಕ್ಕೆ ತಕ್ಕಂತೆ ಹೆಚ್ಚುಕಡಿಮೆ ಮೊದಲೇ ನಿಗದಿ. ಎಲ್ಲರಿಗೂ ನಾಲ್ಕು ವರ್ಷ, ಮೊದಲ ಸುತ್ತಿನವರಿಗೆ ಐದನೇ ವರ್ಷದ ಆಯ್ಕೆ ತಂಡದ ಕೈಯಲ್ಲಿ. ಮೂರು ಸೀಸನ್ ಮುಗಿಯುವವರೆಗೆ ಒಪ್ಪಂದ ಬದಲಿಸುವಂತಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋ 49ರ್ಸ್ ಕಥೆ ನೋಡಿ. ಸ್ಯಾಂಟಾ ಕ್ಲಾರಾದ ಅವರ ಕ್ರೀಡಾಂಗಣದ ಸುತ್ತಮುತ್ತ ನಮ್ಮ ಕನ್ನಡದವರೂ ಸಾಕಷ್ಟು ಜನ ಇದ್ದಾರೆ, ಅವರಿಗಿದು ಬಾಯಿಪಾಠ. 2022ರ ಡ್ರಾಫ್ಟ್‌ನ ಕಟ್ಟಕಡೆಯ, 262ನೇ ಆಯ್ಕೆ ಬ್ರಾಕ್ ಪರ್ಡಿ. 2023ರಲ್ಲಿ ಅವನ ಸಂಬಳ 8.7 ಲಕ್ಷ ಡಾಲರ್. ಬೇರೆ ತಂಡಗಳು ಕ್ವಾರ್ಟರ್‌ಬ್ಯಾಕ್‌ಗೆ 4–5 ಕೋಟಿ ಕೊಡುತ್ತಿದ್ದ ಕಾಲ. ಆ ಉಳಿತಾಯದಿಂದ ಸುತ್ತಲೂ ದೊಡ್ಡ ಆಟಗಾರರನ್ನು ಇಟ್ಟುಕೊಂಡು ತಂಡ ಆ ಸೀಸನ್‌ನ ಸೂಪರ್ ಬೌಲ್‌ವರೆಗೆ ಹೋಯಿತು. 2025ರ ಮೇ ತಿಂಗಳಲ್ಲಿ ಅವನಿಗೆ ಐದು ವರ್ಷಕ್ಕೆ 26.5 ಕೋಟಿ. ಆ ದಿನ ಬರುತ್ತದೆ ಅಂತ ತಂಡಕ್ಕೆ ಮೊದಲೇ ಗೊತ್ತಿತ್ತು. ಅದೇ ಮಾರ್ಚ್‌ನಲ್ಲಿ ಡೀಬೋ ಸ್ಯಾಮ್ಯುಯೆಲ್‌ನನ್ನು ವಾಷಿಂಗ್ಟನ್‌ಗೆ ಬರೀ ಐದನೇ ಸುತ್ತಿನ ಆಯ್ಕೆಗೆ ಕೊಟ್ಟು, 3 ಕೋಟಿಗೂ ಜಾಸ್ತಿ ಡೆಡ್ ಮನಿ ನುಂಗಿದರು. ಗ್ರೀನ್‌ಲಾ, ಹುಫಾಂಗಾ, ವಾರ್ಡ್ ಎಲ್ಲರೂ ಬೇರೆ ಊರಿಗೆ ಹೋದರು. ಮನೆ ಖಾಲಿಯಾದಂತೆ ಕಂಡಿತು. ಆದರೆ ಶೀಟ್ ಇಟ್ಟುಕೊಂಡವರಿಗೆ ಇದು ಎರಡು ವರ್ಷ ಮೊದಲೇ ಕಂಡಿತ್ತು.

ಹಾಗಾಗಿ ಶೀಟ್‌ನಲ್ಲಿ ಮೂರು ವರ್ಷ ಮುಂದಿನವರೆಗೆ ಬರೆಯಿರಿ. ಯಾರ ಅಗ್ಗದ ಒಪ್ಪಂದ ಯಾವ ವರ್ಷ ಮುಗಿಯುತ್ತದೆ, ಆ ವರ್ಷ ಯಾವ ಹಳಬನನ್ನು ಬಿಡಲು ಸಾಧ್ಯ ಅಂತ ಎರಡನ್ನೂ ಗೆರೆ ಎಳೆದು ಜೋಡಿಸಿ. ಇಬ್ಬರು ಒಳ್ಳೆಯ ಹುಡುಗರದ್ದು ಒಂದೇ ವರ್ಷ ಮುಗಿಯುತ್ತಿದ್ದರೆ ಒಬ್ಬನಿಗೆ ಒಂದು ವರ್ಷ ಮೊದಲೇ ವಿಸ್ತರಣೆ ಕೊಡಿ. ಕಾದಷ್ಟೂ ಬೆಲೆ ಏರುತ್ತದೆ.

ಹೆಜ್ಜೆ 7: ಜೂನ್‌ನಿಂದ ಆಗಸ್ಟ್‌ವರೆಗೆ

ಜೂನ್, ಜುಲೈ ತಣ್ಣಗೆ ಇರುತ್ತವೆ. ವಿಸ್ತರಣೆಗಳನ್ನು ಮುಗಿಸಿ. ಸೀಸನ್‌ಗೆ ಅಂತ ಸ್ವಲ್ಪ ಜಾಗ ಮುಟ್ಟದೆ ಇಡಿ. ಸೀಸನ್ ಶುರುವಾದರೆ 51ರ ನಿಯಮ ಮುಗಿಯಿತು. ತಂಡದ 53 ಜನ, ಗಾಯಾಳುಗಳ ಪಟ್ಟಿಯಲ್ಲಿರುವವರು, ಅಭ್ಯಾಸಕ್ಕೆ ಅಂತ ಇಟ್ಟುಕೊಳ್ಳುವ ಪ್ರ್ಯಾಕ್ಟೀಸ್ ಸ್ಕ್ವಾಡ್ ಎಲ್ಲರೂ ಲೆಕ್ಕಕ್ಕೆ. 2025ರಲ್ಲಿ ಪ್ರ್ಯಾಕ್ಟೀಸ್ ಸ್ಕ್ವಾಡ್‌ನವನಿಗೆ ವಾರಕ್ಕೆ ಕನಿಷ್ಠ 13,000 ಡಾಲರ್. 16 ಜನ, 18 ವಾರ. ಅದೇ 37 ಲಕ್ಷ ದಾಟುತ್ತದೆ. ಒಬ್ಬ ಗಾಯಗೊಂಡರೆ ಅವನಿಗೂ ಸಂಬಳ, ಅವನ ಬದಲಿಗೆ ಬಂದವನಿಗೂ ಸಂಬಳ. 80 ಲಕ್ಷದಿಂದ 1 ಕೋಟಿ ಡಾಲರ್ ಉಳಿಸಿಟ್ಟರೆ ನನಗೆ ನೆಮ್ಮದಿ.

ಆಗಸ್ಟ್ ಕೊನೆಯ ವಾರದ ಒಂದು ಮಂಗಳವಾರ 90 ಜನ 53ಕ್ಕೆ ಇಳಿಯಬೇಕು. ಶೀಟ್‌ನಲ್ಲಿ ಅದು ಸಾಲು ಅಳಿಸುವ ಕೆಲಸ. ಕ್ಯಾಂಪಿನಲ್ಲಿ ಅದು ಬಾಗಿಲು ತಟ್ಟುವ ಸದ್ದು. ತಂಡದ ಒಬ್ಬ ನೌಕರ ಬಂದು, ‘ಕೋಚ್ ಕರೀತಿದ್ದಾರೆ, ಪ್ಲೇಬುಕ್ ತಗೊಂಡು ಬಾ’ ಅನ್ನುತ್ತಾನೆ. ಆ ಕೆಲಸದವನಿಗೆ ‘ಟರ್ಕ್’ ಅನ್ನುವ ಅಡ್ಡಹೆಸರೇ ಇದೆ. ಈಗ ಆಟದ ತಂತ್ರಗಳ ಪುಸ್ತಕವಾದ ಪ್ಲೇಬುಕ್ ಬದಲು ಟ್ಯಾಬ್ಲೆಟ್ ವಾಪಸ್ ಕೊಡಬೇಕು, ಅಷ್ಟೇ ವ್ಯತ್ಯಾಸ. 37 ಹುಡುಗರು ಹೀಗೆ ಹೋಗುತ್ತಾರೆ. ನೀವು ಅಳಿಸುವ ಪ್ರತಿ ಸಾಲಿನ ಪಕ್ಕ ಕಾರಣ ಬರೆಯಿರಿ. ಬರೆಯಲು ಆಗದಿದ್ದರೆ ಇನ್ನೊಮ್ಮೆ ನೋಡಿ.

ನಾಲ್ಕು ಸೀಸನ್ ತುಂಬಿದವರು ಬಿಟ್ಟ ಕೂಡಲೇ ಸ್ವತಂತ್ರರು. ಉಳಿದವರು ವೇವರ್ಸ್‌ಗೆ ಹೋಗುತ್ತಾರೆ. ಮರುದಿನ ಮಧ್ಯಾಹ್ನದವರೆಗೆ ಬೇರೆ ತಂಡ ಅವರನ್ನು ಹಳೆಯ ಒಪ್ಪಂದದ ಸಮೇತ ಎತ್ತಿಕೊಳ್ಳಬಹುದು. ಆದ್ದರಿಂದ ಬೇರೆಯವರು ಕಣ್ಣಿಟ್ಟಿರುವ ಹುಡುಗನನ್ನು 53ರೊಳಗೇ ಇಡಿ. ಅನುಭವಿಯೊಬ್ಬನ ಜೊತೆ ಮೊದಲೇ ಮಾತಾಡಿ, ಒಂದು ದಿನ ಬಿಟ್ಟು ವಾಪಸ್ ಕರೆಸಿಕೊಳ್ಳುವುದು ಎಷ್ಟೋ ತಂಡಗಳು ಮಾಡುವ ಕೆಲಸ. ಬುಧವಾರ ಮಧ್ಯಾಹ್ನ ಯಾರೂ ಎತ್ತಿಕೊಳ್ಳದೆ ಉಳಿದ ನಿಮ್ಮ ಹುಡುಗರಿಗೆ ಫೋನ್ ಮಾಡಿ, ಪ್ರ್ಯಾಕ್ಟೀಸ್ ಸ್ಕ್ವಾಡ್‌ಗೆ ಕರೆಯಿರಿ. ಹಿಂದಿನ ದಿನ ಬಾಗಿಲು ತಟ್ಟಿಸಿಕೊಂಡವನು ಅವತ್ತು ಸಂಜೆಯೇ ಅದೇ ಲಾಕರ್‌ಗೆ ಬ್ಯಾಗ್ ತಂದು ಇಡುತ್ತಾನೆ.